ಬೆಳಗ್ಗೆ ಏಳರಿಂದ ಹನ್ನೊಂದು

ಬೆಳಗನ್ನು ನಾವು ಶುಭವೆಂದೇ ನಂಬಿಕೊಂಡು ಬಂದವರು. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು, ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಬಿಡಬೇಕು, ರೇಡಿಯೊದಲ್ಲಿ ಸುಪ್ರಭಾತ ಕೇಳಬೇಕು. ವೈದ್ಯರ ಲೆಕ್ಕದ ಪುಸ್ತಕದಲ್ಲಿ ಮಾತ್ರ ಬೆಳಗಿಗೆ ಇನ್ನೊಂದು ಮುಖವಿದೆ. 1987ರಲ್ಲಿ ಅಮೆರಿಕದ ಕೆಲವು ಹೃದ್ರೋಗ ತಜ್ಞರು ಮ್ಯಾಸಚೂಸೆಟ್ಸ್ ರಾಜ್ಯದ ಮರಣಪತ್ರಗಳನ್ನು ಮುಂದಿಟ್ಟುಕೊಂಡು, ಹೃದಯ ಇದ್ದಕ್ಕಿದ್ದಂತೆ ನಿಂತು ಸತ್ತವರು ಯಾವ ಗಂಟೆಗೆ ಸತ್ತರು ಎಂದು ವಿಂಗಡಿಸಿ ನೋಡಿದರು. ರಾತ್ರಿ ಹೊತ್ತು ಕಡಿಮೆ. ಬೆಳಗ್ಗೆ ಏಳರಿಂದ ಹನ್ನೊಂದರ ನಡುವೆ ಎದ್ದು ಕಾಣುವಷ್ಟು ಹೆಚ್ಚು.

ಕಾರಣ ತೀರಾ ನಿಗೂಢವೇನಲ್ಲ. ಕಣ್ಣು ಬಿಡುವ ಮೊದಲೇ ಮೈಯಲ್ಲಿ ಕಾರ್ಟಿಸಾಲ್ ಏರತೊಡಗಿರುತ್ತದೆ. ಹಾಸಿಗೆ ಬಿಟ್ಟು ನಿಂತ ಕೂಡಲೇ ಅಡ್ರಿನಲಿನ್ ಹೆಚ್ಚುತ್ತದೆ, ನಾಡಿ ಬಿರುಸಾಗುತ್ತದೆ, ಬಿಪಿ ಮೇಲಕ್ಕೆ ಹೋಗುತ್ತದೆ, ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದು ಜಾಸ್ತಿಯಾಗುತ್ತದೆ. ನನಗೂ ನಿಮಗೂ ದಿನಾ ಆಗುವುದು ಇದೇ. ರಕ್ತನಾಳ ಸರಿಯಿದ್ದವರಿಗೆ ಇದು ಗೊತ್ತೂ ಆಗುವುದಿಲ್ಲ. ಒಳಗೆ ಕೊಬ್ಬು ಕಟ್ಟಿಕೊಂಡವರಿಗೆ, ಹೃದಯದ ಸ್ನಾಯು ಮೊದಲೇ ಸೋತವರಿಗೆ ಈ ಏರಿಕೆಯೇ ಸಾಕಾಗಿಬಿಡಬಹುದು. ಬೀಟಾ ಬ್ಲಾಕರ್ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುವವರಲ್ಲಿ ಬೆಳಗಿನ ಈ ಏರು ಕಾಣುವುದಿಲ್ಲ ಎಂಬುದೂ ಆ ಕಾಲದ ಅಧ್ಯಯನಗಳಿಂದಲೇ ತಿಳಿಯಿತು. (‘ಈಗ ನಾರ್ಮಲ್ ಇದೆಯಲ್ಲ’ ಎಂದು ಬಿಪಿ ಮಾತ್ರೆಯನ್ನು ತಾವೇ ನಿಲ್ಲಿಸಿಬಿಡುವವರು ನಮ್ಮಲ್ಲಿ ಬೀದಿಗೆ ನಾಲ್ಕು ಜನ ಇದ್ದಾರೆ.)

ಇಷ್ಟಾದರೆ ಇದು ಬರೀ ದೇಹದ ಮಾತಾಗುತ್ತಿತ್ತು. ಆದರೆ ದಕ್ಷಿಣ ಜರ್ಮನಿಯ ಆಗ್ಸ್‌ಬರ್ಗ್ ಪ್ರದೇಶದ ಹೃದಯಾಘಾತಗಳನ್ನು ವಾರದ ದಿನಗಳ ಪ್ರಕಾರ ಜೋಡಿಸಿ 1994ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಸೋಮವಾರ ಹೃದಯಾಘಾತ ಆಗುವ ಸಂಭವ ಸುಮಾರು ಮೂರನೇ ಒಂದರಷ್ಟು ಹೆಚ್ಚು. ಅದೂ ಕೆಲಸಕ್ಕೆ ಹೋಗುವವರಲ್ಲಿ ಮಾತ್ರ. ಕೆಲಸಕ್ಕೆ ಹೋಗದವರಲ್ಲಿ ಏಳು ದಿನವೂ ಒಂದೇ. ಸೂರ್ಯ ಹುಟ್ಟುವುದು ಪ್ರಕೃತಿಯ ಕೆಲಸ. ಸೋಮವಾರ ಹುಟ್ಟುವುದು ಆಫೀಸಿನದು. ಹೃದಯ ಎರಡನ್ನೂ ಲೆಕ್ಕ ಇಟ್ಟುಕೊಂಡಿರುತ್ತದೆ ಎಂದು ಓದಿದ ದಿನದಿಂದ, ಯಾರಾದರೂ ಇದ್ದಕ್ಕಿದ್ದಂತೆ ಹೋದರು ಎಂಬ ಸುದ್ದಿ ಬಂದಾಗ ನನ್ನ ಮನಸ್ಸು ಆ ದೇಹದ ಬಳಿ ನಿಲ್ಲುವುದಿಲ್ಲ. ಅವರು ಏನು ಕೆಲಸ ಮಾಡುತ್ತಿದ್ದರು, ಆ ಹೊತ್ತಿನಲ್ಲಿ ಪಕ್ಕದಲ್ಲಿ ಯಾರಿದ್ದರು ಎಂಬ ಕಡೆಗೆ ಹೋಗುತ್ತದೆ.

ಮುಂದೆ ಹೋಗುವ ಮುನ್ನ ಒಂದು ವಿಷಯ ಬಿಡಿಸಿಕೊಳ್ಳಬೇಕು. ಹೃದಯಾಘಾತ ಎಂದರೆ ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳ ಮುಚ್ಚಿಕೊಳ್ಳುವುದು. ಮನುಷ್ಯನಿಗೆ ಎಚ್ಚರವಿರುತ್ತದೆ, ನೋವು ಹೇಳುತ್ತಾನೆ, ಬೆವರುತ್ತಾನೆ. ಹೃದಯಸ್ತಂಭನ ಬೇರೆ. ಹೃದಯದ ವಿದ್ಯುತ್ ಲಯ ಕೆಟ್ಟು, ಕೆಳಗಿನ ಕೋಣೆಗಳು ಹಿಂಡುವುದನ್ನು ಬಿಟ್ಟು ಸುಮ್ಮನೆ ಕಂಪಿಸತೊಡಗುತ್ತವೆ. ಕೆಲವೇ ಕ್ಷಣದಲ್ಲಿ ಪ್ರಜ್ಞೆ ಹೋಗುತ್ತದೆ. ಮೊದಲನೆಯದು ಎರಡನೆಯದಕ್ಕೆ ದಾರಿಯಾಗಬಹುದು, ನಡುವಯಸ್ಸು ದಾಟಿದವರಲ್ಲಿ ಬಹುಮಟ್ಟಿಗೆ ಆಗುವುದೂ ಹಾಗೆಯೇ. ಮೂವತ್ತೈದರ ಒಳಗಿನವರಲ್ಲಿ ಹುಟ್ಟಿನಿಂದಲೇ ಬಂದ ಸ್ನಾಯುವಿನ ದಪ್ಪ, ವಂಶದಲ್ಲಿ ಹರಿದುಬಂದ ಲಯದೋಷ ಇಂಥವು ಹೆಚ್ಚಾಗಿ ಸಿಗುತ್ತವೆ. ಲಕ್ಷಣ ಶುರುವಾದ ಒಂದು ಗಂಟೆಯೊಳಗೆ ಜೀವ ಹೋದರೆ ಅದನ್ನು ಹಠಾತ್ ಹೃದಯ ಸಾವು ಎಂದು ವೈದ್ಯರು ಬರೆದುಕೊಳ್ಳುತ್ತಾರೆ.

2021ರ ಅಕ್ಟೋಬರ್ 29ರ ಶುಕ್ರವಾರವನ್ನು ಕನ್ನಡಿಗರು ಮರೆಯಲಾರರು. ನಟ ಪುನೀತ್ ರಾಜ್‌ಕುಮಾರ್‌ಗೆ ಆಗ 46 ವರ್ಷ. ಬೆಳಗಿನ ವ್ಯಾಯಾಮದ ನಂತರ ಏನೋ ಸರಿಯಿಲ್ಲವೆನಿಸಿ ಮನೆಯ ವೈದ್ಯರ ಬಳಿಗೆ ಹೋದವರು ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲ. ಅದರ ಹಿಂದಿನ ವರ್ಷದ ಜೂನ್‌ನಲ್ಲಿ ಇನ್ನೊಬ್ಬ ನಟ ಚಿರಂಜೀವಿ ಸರ್ಜಾ ಹೋಗಿದ್ದರು, ನಲವತ್ತು ತುಂಬುವ ಮೊದಲೇ. ಪುನೀತ್ ಹೋದ ಮರುದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ಉದ್ದವಾಯಿತು. ಸಾಲಿನಲ್ಲಿ ನಿಂತವರಲ್ಲಿ ಹೆಚ್ಚಿನವರು ಹುಡುಗರು. ಬೀದಿಯಲ್ಲಿ ನಡೆದ ಮಾತೆಲ್ಲ ಜಿಮ್‌ನದು: ಅಷ್ಟು ಭಾರ ಎತ್ತಬಾರದಿತ್ತು, ಅಷ್ಟು ಓಡಬಾರದಿತ್ತು. ಆಮೇಲೆ ಮಾತು ಲಸಿಕೆಯ ಕಡೆಗೆ ತಿರುಗಿತು.

ಒಂದೇ ಕಾರಣ ಸಿಕ್ಕಿಬಿಟ್ಟರೆ ಎಷ್ಟು ಸಮಾಧಾನ! ಜಿಮ್ ಕಾರಣವಾದರೆ, ಜಿಮ್‌ಗೆ ಹೋಗದ ನಾನು ಬಚಾವು. ನಮ್ಮ ಹುಡುಕಾಟದ ಅಡಿಯಲ್ಲಿ ಇರುವುದು ಈ ಆಸೆಯೇ ಎಂದು ನನಗನ್ನಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಈ ಪ್ರಶ್ನೆಯನ್ನು ಹಿಡಿದು 47 ಆಸ್ಪತ್ರೆಗಳ ಮೂಲಕ ಅಧ್ಯಯನ ನಡೆಸಿ 2023ರಲ್ಲಿ ಪ್ರಕಟಿಸಿತು. ಆರೋಗ್ಯವಾಗಿಯೇ ಇದ್ದಂತೆ ಕಂಡು, 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗಿನ ಅವಧಿಯಲ್ಲಿ ಇದ್ದಕ್ಕಿದ್ದಂತೆ ಸತ್ತ 18ರಿಂದ 45 ವರ್ಷದ 729 ಮಂದಿಯನ್ನು, ಅದೇ ವಯಸ್ಸಿನ, ಅದೇ ಊರು ಕೇರಿಗಳ 2916 ಮಂದಿಯ ಜೊತೆ ಹೋಲಿಸಿ ನೋಡಿದರು. ಲಸಿಕೆ ಸಾವಿನ ಸಂಭವವನ್ನು ಹೆಚ್ಚಿಸಿರಲಿಲ್ಲ. ಹೆಚ್ಚಿಸಿದ್ದು ಯಾವುದೆಂದರೆ, ಕೋವಿಡ್ ಬಂದು ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಿಂದೆ ಯಾರಾದರೂ ಹೀಗೆಯೇ ಹೋಗಿದ್ದು, ಸಾಯುವ ಹಿಂದಿನ ಎರಡು ದಿನದಲ್ಲಿ ಮಿತಿಮೀರಿ ಕುಡಿದದ್ದು, ನಶೆಯ ಪದಾರ್ಥ ಬಳಸಿದ್ದು, ಅದೇ ಎರಡು ದಿನದಲ್ಲಿ ಬಹಳ ಬಿರುಸಿನ ದೈಹಿಕ ಶ್ರಮ.

ಬಿರುಸಿನ ಶ್ರಮ ಎಂದ ಕೂಡಲೇ ಮತ್ತೆ ಜಿಮ್ ನೆನಪಾಗುತ್ತದೆ. ಆದರೆ ಅಮೆರಿಕದ ವೈದ್ಯರನ್ನೇ ವರ್ಷಗಟ್ಟಲೆ ಗಮನಿಸಿದ ಇನ್ನೊಂದು ಅಧ್ಯಯನ ಸುಮಾರು 15 ಲಕ್ಷ ಸಲದ ಶ್ರಮಕ್ಕೆ ಒಂದು ಹಠಾತ್ ಸಾವು ಎಂದು ಲೆಕ್ಕ ಹಾಕಿದೆ. ವಾರವಾರ ತಪ್ಪದೆ ವ್ಯಾಯಾಮ ಮಾಡುವವರಲ್ಲಿ ಆ ಅಪಾಯ ಇನ್ನೂ ಕಡಿಮೆ. ವರ್ಷವಿಡೀ ಕೂತಿದ್ದು ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಮೈದಾನಕ್ಕಿಳಿದು ಹದಿನೆಂಟರ ಹುಡುಗರ ಸಮಕ್ಕೆ ಬೌಲಿಂಗ್ ಮಾಡಲು ಹೋಗುವುದು ಬೇರೆ ಮಾತು.

ಇಷ್ಟೆಲ್ಲ ತಿಳಿದ ಮೇಲೂ 2025ರ ಬೇಸಿಗೆಯಲ್ಲಿ ಹಾಸನ ಜಿಲ್ಲೆ ಬೆಚ್ಚಿಬಿತ್ತು. ಮೇ, ಜೂನ್ ತಿಂಗಳಲ್ಲಿ ಒಂದರ ಹಿಂದೊಂದು ಸಾವಿನ ಸುದ್ದಿ. ಟಿವಿಯಲ್ಲಿ ದಿನಾ ಒಂದು ಎಣಿಕೆ ಮೂಲೆಯಲ್ಲಿ ಓಡುತ್ತಿತ್ತು, ಕ್ರಿಕೆಟ್ ಸ್ಕೋರಿನ ಹಾಗೆ. ಜನ ಹೆದರಿ ಮೈಸೂರಿನ ಜಯದೇವದ ಮುಂದೆ ಬೆಳಗಿನ ಜಾವವೇ ಬಂದು ಕೂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಜುಲೈನಲ್ಲಿ ವರದಿ ಬಂತು. ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, 4ಕ್ಕೆ ಕಾರಣವೇ ಬೇರೆ. ಹಿಂದಿನ ಲೆಕ್ಕಗಳಿಗೆ ಹೋಲಿಸಿದರೆ ಜಿಲ್ಲೆಯಲ್ಲಿ ಹೃದಯದ ಸಾವು ಏಕಾಏಕಿ ಏರಿದೆ ಎನ್ನಲು ಆಧಾರವಿಲ್ಲ. ಬಿಪಿ, ಶುಗರ್, ಸಿಗರೇಟು, ಕುಡಿತ, ಬೊಜ್ಜು ಎಂಬ ಹಳೆಯ ಪಟ್ಟಿಯೇ ಮತ್ತೆ ಮುಂದೆ ಬಂತು.

ಊರವರಿಗೆ ಈ ಉತ್ತರ ರುಚಿಸಲಿಲ್ಲ. ಅಷ್ಟು ದೊಡ್ಡ ಭಯಕ್ಕೆ ಇಷ್ಟು ಸಪ್ಪೆ ಉತ್ತರವೇ? ನನ್ನ ಕಣ್ಣು ಮಾತ್ರ ಆ ವರದಿಯ ಒಂದು ವಿವರದ ಮೇಲೆ ನಿಂತಿತು. ಸತ್ತವರಲ್ಲಿ ಸುಮಾರು ಶೇ. 30ರಷ್ಟು ಮಂದಿ ಆಟೊ, ಕ್ಯಾಬ್ ಓಡಿಸುವವರು. ಒಂದು ಜಿಲ್ಲೆಯ ಜನರಲ್ಲಿ ಅಷ್ಟು ಪಾಲು ಚಾಲಕರು ಎಲ್ಲಿರುತ್ತಾರೆ? ಎಣಿಕೆ ಚಿಕ್ಕದು, ಅದರ ಮೇಲೆ ಹೆಚ್ಚು ಭಾರ ಹಾಕಬಾರದು, ನಿಜ. ಆದರೂ ಈ ಸುದ್ದಿ ಹಳೆಯದು. ಎಪ್ಪತ್ತು ವರ್ಷಕ್ಕೂ ಹಿಂದೆ ಲಂಡನ್ನಿನಲ್ಲಿ ಒಬ್ಬರು ಇದನ್ನು ಕಂಡಿದ್ದರು.

ಜೆರ್ರಿ ಮಾರಿಸ್ ಎಂಬ ವೈದ್ಯ. ಎರಡನೇ ಮಹಾಯುದ್ಧ ಮುಗಿದು ಇಂಗ್ಲೆಂಡಿನಲ್ಲಿ ಹೃದಯಾಘಾತ ಹೆಚ್ಚುತ್ತಿದ್ದ ಕಾಲ. ಯಾಕೆಂದು ಯಾರಿಗೂ ಸ್ಪಷ್ಟವಿಲ್ಲ. ಮಾರಿಸ್ ಪ್ರಯೋಗಾಲಯಕ್ಕೆ ಹೋಗಲಿಲ್ಲ, ಬಸ್ಸಿನ ಡಿಪೋಗೆ ಹೋದರು. ಲಂಡನ್ನಿನ ಕೆಂಪು ಡಬಲ್ ಡೆಕ್ಕರ್ ಬಸ್ಸಿನಲ್ಲಿ ಇಬ್ಬರು ನೌಕರರು. ಒಂದೇ ಊರು, ಒಂದೇ ಬಗೆಯ ಮನೆಗಳು, ಹೆಚ್ಚುಕಡಿಮೆ ಒಂದೇ ಸಂಬಳ, ಅದೇ ಹೊಗೆ, ಅದೇ ಮಳೆ. ಒಬ್ಬ ಪಾಳಿಯಿಡೀ ಕೂತಿರುತ್ತಾನೆ. ಇನ್ನೊಬ್ಬ ಟಿಕೆಟ್ ಹರಿಯುತ್ತ ದಿನಕ್ಕೆ ಐನೂರು ಆರುನೂರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಸುಮಾರು 31 ಸಾವಿರ ಸಾರಿಗೆ ನೌಕರರ ದಾಖಲೆ ನೋಡಿ 1953ರಲ್ಲಿ ಅವರು ಪ್ರಕಟಿಸಿದ್ದಿಷ್ಟು: ಕಂಡಕ್ಟರುಗಳಿಗಿಂತ ಚಾಲಕರಲ್ಲಿ ಹೃದಯದ ಕಾಯಿಲೆ ಹೆಚ್ಚು, ಮತ್ತು ಬಂದಾಗ ಮೊದಲ ಹೊಡೆತಕ್ಕೇ ಸಾಯುವುದೂ ಚಾಲಕರಲ್ಲೇ ಹೆಚ್ಚು.

ಅಲ್ಲಿಗೆ ಅವರು ನಿಲ್ಲಲಿಲ್ಲ, ಅದಕ್ಕೇ ಈ ಮನುಷ್ಯನ ಮೇಲೆ ನನಗೆ ಗೌರವ. ಕೂತು ಕೂತು ಕಾಯಿಲೆ ಬಂತೋ, ಅಥವಾ ಕೂತು ಮಾಡುವ ಕೆಲಸವನ್ನು ಆರಿಸಿಕೊಂಡವರೇ ಮೊದಲಿನಿಂದ ಬೇರೆ ಬಗೆಯವರೋ? ಸಾರಿಗೆ ಸಂಸ್ಥೆ ನೌಕರರಿಗೆ ಹೊಲಿಸಿ ಕೊಡುತ್ತಿದ್ದ ಸಮವಸ್ತ್ರದ ಅಳತೆಯ ಪುಸ್ತಕಗಳನ್ನು ತರಿಸಿಕೊಂಡು ನೋಡಿದರು. ಚಾಲಕರ ಪ್ಯಾಂಟಿನ ಸೊಂಟ ಎಲ್ಲ ವಯಸ್ಸಿನಲ್ಲೂ ಕಂಡಕ್ಟರುಗಳದ್ದಕ್ಕಿಂತ ದೊಡ್ಡದಿತ್ತು, ಚಿಕ್ಕ ವಯಸ್ಸಿನವರಲ್ಲೂ. ತಮ್ಮದೇ ತೀರ್ಮಾನವನ್ನು ತಾವೇ ಹೀಗೆ ಅಲುಗಾಡಿಸಿದ ಮೇಲೆ, ಬೇರೆ ಬೇರೆ ನೌಕರರನ್ನು ಹಿಡಿದು ದಶಕಗಳ ಕಾಲ ಅದನ್ನೇ ಪರೀಕ್ಷಿಸುತ್ತ ಹೋದರು. ಅಂಚೆ ಹಂಚುವವರಿಗೂ ಮೇಜಿನ ಮುಂದೆ ಕೂರುವ ಗುಮಾಸ್ತರಿಗೂ ಅದೇ ವ್ಯತ್ಯಾಸ ಮೊದಲೇ ಕಂಡಿತ್ತು. ದೇಹದ ಚಲನೆ ಹೃದಯವನ್ನು ಕಾಯುತ್ತದೆ ಎಂಬುದು ಕೊನೆಗೂ ನಿಂತಿತು. ಮಾರಿಸ್ 99 ವರ್ಷ ಬದುಕಿ 2009ರಲ್ಲಿ ತೀರಿಕೊಂಡರು. ಜನ ಜಾಗಿಂಗ್ ಎಂಬುದನ್ನು ಕಂಡು ನಗುತ್ತಿದ್ದ ಕಾಲದಲ್ಲೇ ಅವರು ಲಂಡನ್ನಿನ ಪಾರ್ಕಿನಲ್ಲಿ ಓಡುತ್ತಿದ್ದರಂತೆ.

ನಮ್ಮ ಚಾಲಕನ ಸೀಟು ಬರೀ ಕೂರುವ ಜಾಗವಲ್ಲ. ಬೆಳಗಿನ ಜಾವ ವಿಮಾನ ನಿಲ್ದಾಣಕ್ಕೆ ಒಂದು ಟ್ರಿಪ್, ನಡುವೆ ಬೀಡಿ ಅಥವಾ ಗುಟ್ಕಾ, ಖಾಲಿ ಹೊಟ್ಟೆಗೆ ಟೀ, ಹನ್ನೊಂದಕ್ಕೆ ರೈಸ್ ಬಾತ್, ಮಧ್ಯಾಹ್ನದ ಊಟ ಸಂಜೆ ನಾಲ್ಕಕ್ಕೆ. ಮೂತ್ರಕ್ಕೆ ಹೋಗಲು ಜಾಗ ಸಿಗದೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಂಡವರನ್ನು ನಾನು ಬಲ್ಲೆ. ಮುಂದಿನ ಲಾರಿಯ ಹೊಗೆ ನೇರ ಮುಖಕ್ಕೆ. ತಿಂಗಳ ಐದಕ್ಕೆ ಗಾಡಿಯ ಇಎಂಐ. ಮೊಬೈಲಿನಲ್ಲಿ ಬಾಡಿಗೆ ಬಂದರೆ ಹದಿನೈದು ಸೆಕೆಂಡಿನೊಳಗೆ ಒಪ್ಪಬೇಕು, ಎಲ್ಲಿಗೆ ಎಷ್ಟಕ್ಕೆ ಎಂದು ನಿರ್ಧರಿಸುವವನು ಬೇರೆ ಎಲ್ಲೋ ಇದ್ದಾನೆ.

ಆ ಕೊನೆಯ ಮಾತನ್ನು ನಾನು ಸುಮ್ಮನೆ ಸೇರಿಸಿದ್ದಲ್ಲ. ಮೈಕೆಲ್ ಮಾರ್ಮೊಟ್ ಎಂಬ ಇನ್ನೊಬ್ಬ ಬ್ರಿಟಿಷ್ ವೈದ್ಯ ಲಂಡನ್ನಿನ ವೈಟ್‌ಹಾಲ್ ಸರ್ಕಾರಿ ಕಚೇರಿಗಳ ನೌಕರರನ್ನು ಅಧ್ಯಯನ ಮಾಡಿದರು. 1967ರಲ್ಲಿ ಶುರುವಾದ ಆ ಅಧ್ಯಯನದಲ್ಲಿ ಎಲ್ಲರೂ ಸರ್ಕಾರಿ ನೌಕರರೇ, ಯಾರೂ ಕಡುಬಡವರಲ್ಲ. ಆದರೂ ಕೆಳಗಿನ ದರ್ಜೆಯ ಜವಾನರು ಮೇಲಿನ ಅಧಿಕಾರಿಗಳಿಗಿಂತ ಮೂರು ಪಟ್ಟು ಹೆಚ್ಚಾಗಿ ಹೃದಯದ ಕಾಯಿಲೆಯಿಂದ ಸಾಯುತ್ತಿದ್ದರು. ನಡುವಿನ ದರ್ಜೆಯವರು ನಡುವೆ. ಒಂದೊಂದು ಮೆಟ್ಟಿಲು ಕೆಳಗೆ ಇಳಿದಂತೆ ಸಾವು ಒಂದೊಂದು ಮೆಟ್ಟಿಲು ಹತ್ತಿತ್ತು. ಸಿಗರೇಟು, ಬಿಪಿ, ಕೊಲೆಸ್ಟರಾಲ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಆ ಅಂತರದ ದೊಡ್ಡ ಪಾಲು ಹಾಗೇ ಉಳಿಯಿತು. ಮುಂದಿನ ಅಧ್ಯಯನದಲ್ಲಿ ಅವರು ಕಂಡುಕೊಂಡ ಒಂದು ಎಳೆ ಇದು: ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದವನ ಹೃದಯ ಬೇಗ ಸವೆಯುತ್ತದೆ. ಮೇಲಧಿಕಾರಿಗೆ ಟೆನ್ಶನ್ ಜಾಸ್ತಿ, ಅವನಿಗೇ ಹಾರ್ಟ್ ಅಟ್ಯಾಕ್ ಎಂಬುದು ನಮ್ಮಲ್ಲಿ ಪ್ರಚಲಿತವಾದ ಮಾತು. ಲೆಕ್ಕ ಅದನ್ನು ಒಪ್ಪುವುದಿಲ್ಲ.

ಎದೆಯ ವಿಷಯದಲ್ಲಿ ನಮ್ಮ ಜನ ಬಳಸುವ ದೊಡ್ಡ ಸಮಾಧಾನದ ಪದ ‘ಗ್ಯಾಸ್ಟ್ರಿಕ್’. ಯಾವ ಆಟೊ ಸ್ಟ್ಯಾಂಡಿನಲ್ಲಿ ಬೇಕಾದರೂ ಈ ಸಂಭಾಷಣೆ ಕೇಳಬಹುದು.

“ಯಾಕಣ್ಣಾ, ಎದೆ ಉಜ್ಕೋತಿದೀರಾ?”

“ಏನಿಲ್ಲ ಸಾರ್, ಗ್ಯಾಸ್ಟ್ರಿಕ್ಕು. ಬೆಳಗ್ಗೆಯಿಂದ ಬರೀ ಟೀನೇ ಆಯ್ತಲ್ಲ. ಒಂದು ಈನೋ ಹಾಕ್ಕೊಂಡ್ರೆ ಸರಿ ಹೋಗುತ್ತೆ.”

“ಒಂದ್ಸಲ ಇಸಿಜಿ ತೆಗೆಸ್ಬಾರ್ದಾ?”

“ತೆಗೆಸ್ಬೋದು ಸಾರ್. ಏನಾದ್ರೂ ಇದೆ ಅಂದ್ಬಿಟ್ರೆ? ಗಾಡಿ ಓಡ್ಸೋರ್ ಯಾರು, ಸಾಲ ಕಟ್ಟೋರ್ ಯಾರು?”

ಇದು ಅಜ್ಞಾನವಲ್ಲ. ಪರೀಕ್ಷೆಯ ಫಲಿತಾಂಶ ತನ್ನ ಮನೆಗೆ ಏನು ಮಾಡುತ್ತದೆಂದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೆ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಸುಮಿತ್ ಚುಗ್ ಎಂಬ ವೈದ್ಯರ ತಂಡ 35ರಿಂದ 65 ವರ್ಷದವರ ಹೃದಯಸ್ತಂಭನಗಳ ಹಿಂದಿನ ನಾಲ್ಕು ವಾರಗಳನ್ನು ಕೆದಕಿ ನೋಡಿ 2016ರಲ್ಲಿ ಹೇಳಿದ್ದನ್ನು ಅವನಿಗೆ ಹೇಗಾದರೂ ತಲುಪಿಸಬೇಕು ಎನ್ನಿಸುತ್ತದೆ. ಸುಮಾರು ಅರ್ಧದಷ್ಟು ಜನರಿಗೆ ಮೊದಲೇ ಸೂಚನೆ ಬಂದಿತ್ತು: ಗಂಡಸರಿಗೆ ಹೆಚ್ಚಾಗಿ ಎದೆನೋವು, ಹೆಂಗಸರಿಗೆ ಹೆಚ್ಚಾಗಿ ಉಸಿರು ಕಟ್ಟಿದ ಹಾಗೆ ಆಗುವುದು. ಸೂಚನೆ ಬಂದವರಲ್ಲಿ ಐವರಲ್ಲಿ ಒಬ್ಬರು ಮಾತ್ರ ಆಂಬುಲೆನ್ಸಿಗೆ ಫೋನ್ ಮಾಡಿದ್ದರು. ಹಾಗೆ ಮಾಡಿದವರಲ್ಲಿ ಶೇ. 32ರಷ್ಟು ಮಂದಿ ಬದುಕಿದರು, ಮಾಡದವರಲ್ಲಿ ಶೇ. 6. ಇವತ್ತು ಕರ್ನಾಟಕದಲ್ಲಿ ಪುನೀತ್ ಹೆಸರಿನ ಹೃದಯಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ನಾಳ ಕಟ್ಟಿಕೊಂಡಿದ್ದರೆ ರಕ್ತದ ಗರಣೆ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಈನೋ ಕಲಸಿದ ಲೋಟ ಆ ಬಾಗಿಲಿಗೆ ಅಡ್ಡ ನಿಂತಿದೆ.

ಇಲ್ಲಿ ಒಂದು ತೊಡಕಿದೆ, ಪ್ರಾಮಾಣಿಕವಾಗಿ ನೋಡಿದರೆ ಮನಸ್ಸು ಸ್ವಲ್ಪ ಕುಗ್ಗುತ್ತದೆ. ಯಾರಿಗೆ ಅಪಾಯ ಹೆಚ್ಚು ಎಂದು ವೈದ್ಯರು ಗುರುತಿಸಬಲ್ಲರು: ಹಿಂದೆ ಹೃದಯಾಘಾತವಾದವರು, ಹೃದಯದ ಪಂಪಿಂಗ್ ಇಳಿದವರು, ವಂಶದಲ್ಲಿ ದೋಷವಿರುವವರು. ಅವರಿಗೆ ಎದೆಯೊಳಗೆ ಸಾಧನವನ್ನೂ ಇಡಬಹುದು. ಆದರೆ ಹಠಾತ್ತಾಗಿ ಸಾಯುವವರಲ್ಲಿ ಹೆಚ್ಚಿನವರು ಆ ಪಟ್ಟಿಯಿಂದ ಬರುವುದಿಲ್ಲ. ಮಯಾಮಿಯ ಹೃದ್ರೋಗ ತಜ್ಞ ರಾಬರ್ಟ್ ಮೈಯರ್‌ಬರ್ಗ್ ಇದನ್ನು ಪದೇ ಪದೇ ತೋರಿಸಿಕೊಟ್ಟರು. ಒಬ್ಬೊಬ್ಬರಾಗಿ ನೋಡಿದರೆ ಅಪಾಯ ಕಡಿಮೆ ಇರುವ ದೊಡ್ಡ ಗುಂಪಿನಿಂದಲೇ ಒಟ್ಟು ಸಾವುಗಳ ದೊಡ್ಡ ಪಾಲು ಬರುತ್ತದೆ, ಯಾಕೆಂದರೆ ಆ ಗುಂಪು ಅಷ್ಟು ದೊಡ್ಡದು. ಎಷ್ಟೋ ಜನರಿಗೆ ಹೃದಯ ನಿಂತದ್ದೇ ಹೃದಯದ ಕಾಯಿಲೆಯ ಮೊದಲ ಲಕ್ಷಣ. ಚೆಕಪ್ ಮಾಡಿಸಿ ಎಲ್ಲ ನಾರ್ಮಲ್ ಎಂದು ಬಂದವನ ಮೇಲೂ ಈ ಲೆಕ್ಕ ಅನ್ವಯಿಸುತ್ತದೆ. ಇನ್ನೊಂದು ವಿಷಯ, ದಕ್ಷಿಣ ಏಷ್ಯಾದ ನಮಗೆ ಮೊದಲ ಹೃದಯಾಘಾತ ಬರುವ ನಡು ವಯಸ್ಸು 53. ಉಳಿದ ದೇಶಗಳವರಿಗೆ ಸುಮಾರು 59. ಹಾಗೆಂದು 52 ದೇಶಗಳನ್ನು ಒಳಗೊಂಡ ಇಂಟರ್‌ಹಾರ್ಟ್ ಅಧ್ಯಯನ ಹೇಳಿತು. ಅಪಾಯಗಳು ಎಲ್ಲರಿಗೂ ಅವೇ. ನಮಗೆ ಅವು ಬೇಗ ಬಂದು ಸೇರುತ್ತವೆ, ಅಷ್ಟೆ.

ಯಾರಿಗೆ ಎಂಬುದಷ್ಟೇ ಅಲ್ಲ, ಯಾವಾಗ ಎಂಬುದೂ ಊಹೆಗೆ ಸಿಗುವುದಿಲ್ಲ. ಲಾಸ್ ಏಂಜಲಿಸ್‌ನಲ್ಲಿ 1994ರ ಜನವರಿ 17ರ ಮುಂಜಾನೆ ನಾಲ್ಕೂವರೆಗೆ ಭೂಕಂಪವಾಯಿತು. ಊರೆಲ್ಲ ಹಾಸಿಗೆಯಿಂದ ಎದ್ದು ಓಡಿತು. ಮಾಮೂಲಿ ದಿನ ಆ ಪ್ರದೇಶದಲ್ಲಿ ಹೃದಯದ ಕಾಯಿಲೆಯಿಂದ ಹಠಾತ್ತಾಗಿ ಸಾಯುವವರು ಸರಾಸರಿ 4.6; ಆ ಒಂದು ದಿನ 24. ಅವರಲ್ಲಿ ದೈಹಿಕ ಶ್ರಮದಿಂದ ಸತ್ತವರು ಕಡಿಮೆ, ಹೆಚ್ಚಿನವರು ಹೆದರಿಕೆಯಿಂದಲೇ. ನಂತರದ ದಿನಗಳಲ್ಲಿ ಅಂಥ ಸಾವು ಮಾಮೂಲಿಗಿಂತಲೂ ಕಡಿಮೆಯಾಯಿತು. ಆ ಇಳಿಕೆಯ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇನ್ನೊಂದು ವಾರಕ್ಕೆ, ಹತ್ತು ದಿನಕ್ಕೆ ಹೋಗಬೇಕಿದ್ದ ಕೆಲವರು ಆ ಮುಂಜಾನೆಯೇ ಹೋಗಿಬಿಟ್ಟಿದ್ದರು. ಭೂಮಿ ನಡುಗದಿದ್ದರೆ ಅವರ ಮನೆಯವರು ಬೇರೊಂದು ಕಾರಣ ಹೇಳಿಕೊಳ್ಳುತ್ತಿದ್ದರು: ಅವತ್ತು ಬಿಸಿಲು ಜಾಸ್ತಿಯಿತ್ತು, ಜಗಳವಾಡಿದ್ದರು, ಮೆಟ್ಟಿಲು ಹತ್ತಿದರು ಎಂದು.

ಹಾಗಾದರೆ ನಮ್ಮ ಕೈಯಲ್ಲಿ ಉಳಿದಿರುವುದು ಹೃದಯ ನಿಂತ ಮೇಲಿನ ಕೆಲವು ನಿಮಿಷ. ಹೃದಯ ಕಂಪಿಸುವ ಸ್ಥಿತಿಗೆ ಹೋದ ಮೇಲೆ, ಯಾರೂ ಕೈಹಾಕದಿದ್ದರೆ, ಬದುಕುವ ಅವಕಾಶ ನಿಮಿಷಕ್ಕೆ ಶೇ. 7ರಿಂದ 10ರಂತೆ ಇಳಿಯುತ್ತದೆ. ಈ ಕಾರಣಕ್ಕೆ ಪಕ್ಕದಲ್ಲಿ ಯಾರಿದ್ದಾರೆ ಎಂಬುದು ಕೊಲೆಸ್ಟರಾಲಿನಷ್ಟೇ ಮುಖ್ಯವಾಗಿಬಿಡುತ್ತದೆ. ಪಕ್ಕದಲ್ಲಿ ಯಾರೂ ಇಲ್ಲದಿರುವುದು ಮೊದಲೇ ಹೃದಯಕ್ಕೆ ಕೆಟ್ಟದ್ದು ಎಂಬುದನ್ನು 1984ರಲ್ಲೇ ಅಮೆರಿಕದ ಒಂದು ಅಧ್ಯಯನ ತೋರಿಸಿತ್ತು. ಹೃದಯಾಘಾತದಿಂದ ಬದುಕಿ ಮನೆಗೆ ಹೋದ ಎರಡು ಸಾವಿರಕ್ಕೂ ಹೆಚ್ಚು ಗಂಡಸರಲ್ಲಿ, ಒತ್ತಡವೂ ಹೆಚ್ಚಿದ್ದು ಜನರ ಒಡನಾಟವೂ ಇಲ್ಲದವರು, ಒತ್ತಡ ಕಡಿಮೆಯಿದ್ದು ಒಡನಾಟವಿದ್ದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಿನ ಸಾವಿನ ಅಪಾಯದಲ್ಲಿದ್ದರು. ಶಾಲೆ ಕಡಿಮೆ ಓದಿದವರಲ್ಲಿ ಈ ಎರಡೂ ಕೂಡಿ ಬರುವುದು ಹೆಚ್ಚು.

ಹೃದಯ ನಿಂತರೆ ಬದುಕಲು ಅತ್ಯಂತ ಒಳ್ಳೆಯ ಜಾಗ ಯಾವುದು ಗೊತ್ತೇ? ಜೂಜುಕಟ್ಟೆ. ತಮಾಷೆಯಲ್ಲ. ಅಮೆರಿಕದ ಕ್ಯಾಸಿನೊಗಳ ಕಾವಲುಗಾರರಿಗೆ ಎದೆ ಒತ್ತುವುದನ್ನೂ, ಹೃದಯಕ್ಕೆ ಷಾಕ್ ಕೊಡುವ ಎಇಡಿ ಯಂತ್ರ ಬಳಸುವುದನ್ನೂ ಕಲಿಸಿದರು. 2000ದಲ್ಲಿ ಫಲಿತಾಂಶ ಬಂತು. ಹೃದಯ ಕಂಪಿಸುವ ಸ್ಥಿತಿಯಲ್ಲಿ ಕುಸಿದ 105 ಮಂದಿಯಲ್ಲಿ ಶೇ. 53ರಷ್ಟು ಜನ ಬದುಕಿ ಮನೆಗೆ ಹೋದರು. ಮೂರು ನಿಮಿಷದೊಳಗೆ ಷಾಕ್ ಸಿಕ್ಕವರಲ್ಲಿ ಶೇ. 74. ದೊಡ್ಡ ದೊಡ್ಡ ಊರುಗಳಲ್ಲಿ ಹತ್ತಕ್ಕೆ ಒಬ್ಬರು ಉಳಿಯುವುದೂ ಕಷ್ಟವಿರುವಾಗ ಇದು ಹೇಗೆ ಸಾಧ್ಯವಾಯಿತು? ಅಲ್ಲಿ ಪ್ರತಿ ಮೇಜಿನ ಮೇಲೂ ಕ್ಯಾಮೆರಾ ಇರುತ್ತದೆ. ಯಾರಾದರೂ ದುಡ್ಡು ಕದ್ದಾರೆಂದು ಇಟ್ಟ ಕಣ್ಣು, ಕುಸಿದು ಬಿದ್ದವನನ್ನು ಆ ಕ್ಷಣವೇ ಕಂಡಿತು. ಇತ್ತ ಮಕ್ಕಳೆಲ್ಲ ಹೊರದೇಶದಲ್ಲಿದ್ದು, ಬೆಂಗಳೂರಿನ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿ ಚಿಲಕ ಹಾಕಿಕೊಂಡು ಬೆಳಗಿನ ಕಾಫಿ ಕಾಯಿಸುವ ಹಿರಿಯರನ್ನು ಯಾರೂ ಅಷ್ಟು ಗಮನವಿಟ್ಟು ನೋಡುತ್ತಿರುವುದಿಲ್ಲ. ಆಸ್ಪತ್ರೆಯ ಹೊರಗಿನ ಹೃದಯಸ್ತಂಭನಗಳಲ್ಲಿ ಹತ್ತಕ್ಕೆ ಏಳರಷ್ಟು ಆಗುವುದು ಮನೆಯಲ್ಲೇ.

ಮನೆಯಲ್ಲಿ ಜನರಿದ್ದರೂ ಹೆಂಗಸರ ಪಾಡು ಬೇರೆ. ಉಸಿರು ಕಟ್ಟುತ್ತಿದೆ ಎಂದರೆ ಸುಸ್ತು, ಬೆನ್ನು ಹಿಡಿಯಿತು ಎಂದರೆ ಬಟ್ಟೆ ಒಗೆದದ್ದು ಜಾಸ್ತಿಯಾಯಿತು. ಆಸ್ಪತ್ರೆಗೆ ಹೊರಡುವ ಮುನ್ನ ಅನ್ನಕ್ಕೆ ಇಟ್ಟು, ಹಾಲು ಕಾಯಿಸಿಟ್ಟು ಬಂದವರುಂಟು. ಅಮೆರಿಕದಲ್ಲೇ ಸಾರ್ವಜನಿಕ ಸ್ಥಳದಲ್ಲಿ ಕುಸಿದ ಗಂಡಸರಲ್ಲಿ ಶೇ. 45ರಷ್ಟು ಮಂದಿಗೆ ಎದೆ ಒತ್ತುವವರು ಸಿಕ್ಕರೆ, ಹೆಂಗಸರಲ್ಲಿ ಶೇ. 39ಕ್ಕೆ ಮಾತ್ರ. ಎದೆಯ ಮೇಲೆ ಕೈಯಿಡಲು ಅಳುಕು. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಆ ಅಂತರ ಎಷ್ಟಿದ್ದೀತು ಎಂದು ಊಹಿಸಲೂ ಹೆದರಿಕೆ.

ಡೆನ್ಮಾರ್ಕ್ ಈ ಅಳುಕನ್ನು ಕಾನೂನಿನಿಂದ ಎದುರಿಸಿತು. 2005ರಲ್ಲಿ ಶಾಲೆಯಲ್ಲಿ ಎದೆ ಒತ್ತುವುದನ್ನು ಕಲಿಸುವುದು ಕಡ್ಡಾಯವಾಯಿತು. ಮರುವರ್ಷ ಡ್ರೈವಿಂಗ್ ಲೈಸೆನ್ಸ್ ಬೇಕಾದವರೂ ಅದನ್ನು ಕಲಿತು ಬರಬೇಕೆಂದಾಯಿತು. 2001ರಲ್ಲಿ ಕುಸಿದವರಲ್ಲಿ ಸುಮಾರು ಶೇ. 21ಕ್ಕೆ ದಾರಿಹೋಕರ ನೆರವು ಸಿಗುತ್ತಿತ್ತು. 2010ಕ್ಕೆ ಅದು ಶೇ. 45ರ ಹತ್ತಿರ ಬಂತು. ಮೂವತ್ತು ದಿನ ಬದುಕಿ ಉಳಿದವರ ಪಾಲು ಶೇ. 3.5ರಿಂದ 10.8ಕ್ಕೆ ಏರಿತು. 2021ರ ಜೂನ್ 12ರಂದು ಕೋಪನ್‌ಹೇಗನ್ ಮೈದಾನದಲ್ಲಿ ಆ ದೇಶದ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ಕುಸಿದು ಬಿದ್ದಾಗ ಸಹ ಆಟಗಾರರು ಸುತ್ತ ನಿಂತು ಮರೆ ಮಾಡಿದರು, ವೈದ್ಯರು ಎದೆ ಒತ್ತಿದರು. ಎಂಟು ತಿಂಗಳ ನಂತರ ಎರಿಕ್ಸನ್ ಮತ್ತೆ ಚೆಂಡು ಒದೆಯುತ್ತಿದ್ದರು.

2024ರ ನವೆಂಬರಿನಲ್ಲಿ ಬೆಂಗಳೂರಿನ ಬಿಎಂಟಿಸಿ ಬಸ್ಸೊಂದರ ಒಳಗಿನ ಕ್ಯಾಮೆರಾ ದೃಶ್ಯವನ್ನು ಬಹಳ ಜನ ನೋಡಿರುತ್ತೀರಿ. ಓಡುತ್ತಿರುವ ಬಸ್ಸಿನಲ್ಲಿ ಚಾಲಕ ಪಕ್ಕಕ್ಕೆ ವಾಲಿ ಬೀಳುತ್ತಾನೆ. ಕಂಡಕ್ಟರ್ ಒಂದೇ ನೆಗೆತಕ್ಕೆ ಬಂದು ಸ್ಟೇರಿಂಗ್ ಹಿಡಿದು ಬಸ್ ನಿಲ್ಲಿಸುತ್ತಾನೆ. ಮಾರಿಸ್ ಅವರ ಅದೇ ಇಬ್ಬರು, ಕೂತವನು ಮತ್ತು ನಿಂತವನು. ಪ್ರಯಾಣಿಕರೆಲ್ಲ ಉಳಿದರು, ಚಾಲಕ ಉಳಿಯಲಿಲ್ಲ.

ಹಾಸನದ ಪಟ್ಟಿಯಲ್ಲಿ ಹೆಚ್ಚಾಗಿ ಕಂಡ ಆಟೊ, ಕ್ಯಾಬ್ ಚಾಲಕರೇ ನಮ್ಮ ಊರುಗಳ ಪ್ರತಿ ತಿರುವಿನಲ್ಲೂ ಬೆಳಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ಕಣ್ಣು ಬಿಟ್ಟು ಕೂತಿರುವವರು. ಯಾರ ಮನೆಯಲ್ಲಿ ಏನೇ ಆದರೂ ಮೊದಲು ಓಡಿಬರುವುದು ಅವರೇ. ಲೈಸೆನ್ಸಿಗೆಂದು ಮೈದಾನದಲ್ಲಿ ಎಂಟು ಬರೆಸುವ ದಿನ ಇನ್ನೊಂದು ಅರ್ಧ ಗಂಟೆ ಕೂರಿಸಿ, ನೆಲದ ಮೇಲೆ ಒಂದು ಬೊಂಬೆ ಮಲಗಿಸಿ ಕಲಿಸಬಹುದು: ಮೊದಲು 108ಕ್ಕೆ ಫೋನ್, ಆಮೇಲೆ ಎರಡೂ ಅಂಗೈ ಎದೆಗೂಡಿನ ನಡುಮೂಳೆಯ ಕೆಳಭಾಗದ ಮೇಲೆ, ಐದು ಸೆಂಟಿಮೀಟರಿಗೆ ಕಡಿಮೆಯಾಗದಂತೆ ಆರು ದಾಟದಂತೆ, ನಿಮಿಷಕ್ಕೆ 100ರಿಂದ 120 ಸಲ, ಆಂಬುಲೆನ್ಸ್ ಬರುವವರೆಗೆ ಬಿಡದೆ. ಅದೇ ದಿನ ಅವರದ್ದೂ ಒಂದು ಬಿಪಿ, ಒಂದು ಇಸಿಜಿ ತೆಗೆದು, ವರದಿ ಏನೇ ಬಂದರೂ ಲೈಸೆನ್ಸಿಗೆ ಕುತ್ತಿಲ್ಲ, ಔಷಧಿ ಪುಕ್ಕಟೆ ಎಂದು ಬರೆದು ಕೊಟ್ಟರೆ, ತೆಗೆಸಿಕೊಳ್ಳಲು ಅವರು ಒಪ್ಪಿಯಾರು. ಲೈಸೆನ್ಸ್ ಆಗಲೇ ಇರುವವರಿಗೆ ಆಟೊ ಸ್ಟ್ಯಾಂಡಿನಲ್ಲೇ ಕಲಿಸಬಹುದು. ಬಾಡಿಗೆಗೆ ಕಾಯುವ ಹೊತ್ತು ಅಲ್ಲಿ ಬೇಕಾದಷ್ಟಿದೆ.